ಖಾಲಿ ಫ್ಲಾಪಿಯ ನಕಲು

೧೯೭೧ರಲ್ಲಿ, ಎಂಟನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಯಶವಂತಪುರದ ಪಂಪ್ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುವುದರಿಂದ ಶುರುಮಾಡಿ ಹದಿನಾಲ್ಕು ವರ್ಷ ದುಡಿದ ಮೇಲೆ ಸ್ಟೋರ್‌ಕೀಪರ್ ಆದೆ. ಆ ವರ್ಷವೇ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಡಿಗ್ರಿ ಇದ್ದವರೆಲ್ಲ ಮುಟ್ಟಿದರೆ ಕೆಟ್ಟೀತೆಂದು ದೂರ ನಿಂತಾಗ ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಒಂಬೈನೂರು ಬಿಡಿಭಾಗಗಳು ಯಾವ ಯಾವ ರ್‍ಯಾಕಿನಲ್ಲಿವೆ ಎಂಬ ಪಟ್ಟಿಯನ್ನು ಎರಡೇ ಬೆರಳಲ್ಲಿ ಬಡಿದು ಸೇರಿಸಿದವನು ನಾನು.

ಮೂರು ವರ್ಷದ ಮೇಲೆ, ದಸರಾ ಮುಗಿದ ವಾರ, ಹಳೆಯ ಯಂತ್ರವನ್ನು ಅದರ ಫ್ಲಾಪಿಗಳ ಸಮೇತ ಹೊತ್ತುಕೊಂಡು ಹೋಗಿ ಹೊಸದನ್ನು ಇಟ್ಟರು. ತಂದವನು ನನ್ನ ಪಟ್ಟಿಯನ್ನು ಹೊಸ ಫ್ಲಾಪಿಗೆ ಹಾಕಿಕೊಟ್ಟು, “ಎಲ್ಲಾ ಅದೇ ಸಾರ್, ಆಪರೇಟಿಂಗ್ ಸಿಸ್ಟಮ್ ಮಾತ್ರ ಬೇರೆ” ಎಂದು ಹೊರಟುಹೋದ. ಮನೆಯೆಲ್ಲ ಅದೇ, ಬಾಗಿಲು ಮಾತ್ರ ಎಲ್ಲಿದೆಯೋ ಗೊತ್ತಿಲ್ಲ ಎಂದಂತಾಯಿತು. ನಾನು ಏನು ಬಡಿದರೂ ಅದರದು ಒಂದೇ ಉತ್ತರ: ಬ್ಯಾಡ್ ಕಮಾಂಡ್. ಊಟದ ಗಂಟೆಯೊಳಗೆ ನಲವತ್ತು ಸಲ ಬೈಸಿಕೊಂಡೆ. ನನ್ನ ಮೇಷ್ಟ್ರೂ ಅಷ್ಟು ಬೈದಿರಲಿಲ್ಲ.

ಊಟವಾದ ಮೇಲೆ, ಪಟ್ಟಿಯ ಇನ್ನೊಂದು ನಕಲು ಇರಲಿ ಎಂದು ತುಂಬಿದ ಫ್ಲಾಪಿಯನ್ನು ಎ ಡ್ರೈವಿಗೂ ಖಾಲಿಯದನ್ನು ಬಿ ಡ್ರೈವಿಗೂ ಹಾಕಿದೆ. ಹಳೆಯ ಯಂತ್ರದಲ್ಲಿ ಎಲ್ಲಿಗೆ ಹೋಗಬೇಕೆಂದು ಮೊದಲು ಬರೆಯಬೇಕು, ಎಲ್ಲಿಂದ ಎಂಬುದು ಆಮೇಲೆ. ಮೂರು ವರ್ಷದ ಅಭ್ಯಾಸ, ಕೈ ಹಾಗೇ ಬರೆಯಿತು: ಮೊದಲು ಬಿ, ಆಮೇಲೆ ಎ. ಹೊಸದರಲ್ಲಿ ಅದು ತಲೆಕೆಳಗು. ಆದರೆ ಅವತ್ತು ಮೊದಲ ಸಲ ಯಂತ್ರ ನನ್ನನ್ನು ಬೈಯಲಿಲ್ಲ. ಇಂಗ್ಲಿಷಿನಲ್ಲಿ ಏನೋ ಕೇಳಿತು, ಆ ಖುಷಿಯಲ್ಲಿ ಓದದೆಯೇ ಗುಂಡಿ ಒತ್ತಿದೆ. ಗರಗರ ಎನ್ನುತ್ತಾ ಅದು ಬಹಳ ಶ್ರದ್ಧೆಯಿಂದ ಖಾಲಿಯನ್ನು ತುಂಬಿದ್ದರ ಮೇಲೆ ನಕಲು ಮಾಡಿತು. ಈಗ ಎರಡೂ ಖಾಲಿ.

ಅಕೌಂಟ್ಸಿನ ಗುಮಾಸ್ತರು ಬಂದು ನೋಡಿದರು. ಬಿಎಸ್ಸಿ ಓದಿದವರು, ಧಾರವಾಡದ ಕಡೆಯವರು.

“ನಕಲು ಭಾಳ ಚಲೋ ಆಗೇತ್ರಿ. ಒಂದ ಅಕ್ಷರಾನೂ ತಪ್ಪಿಲ್ಲ ನೋಡ್ರಿ.”

ಮಾಲೀಕರು ನಗಲಿಲ್ಲ. “ಸೋಮವಾರ ಬೆಳಗ್ಗೆ ಪಟ್ಟಿ ಅದರೊಳಗಿರ್ಬೇಕು ಕಣ್ರೀ. ಇಲ್ಲಾಂದ್ರೆ ಆ ಕುರ್ಚಿ ಬಿಎಸ್ಸಿಯವ್ರಿಗೆ. ನೀವು ವಾಪಸ್ ಪೆಟ್ಟಿಗೆ ಹತ್ರ.”

ಅವತ್ತು ಶುಕ್ರವಾರ. ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದಾಗ ಗೋಡೆಯ ದೇವಿಯ ಪಟ ಕಣ್ಣಿಗೆ ಬಿತ್ತು. ಆಯುಧಪೂಜೆಗೆ ನಾನು ಫ್ಲಾಪಿಯನ್ನೇ ಇಡಲು ಹೊರಟಿದ್ದೆ. ಕುಂಕುಮ ಬಿದ್ದರೆ ಹಾಳಾಗುತ್ತದೆಂದು ಮಾಲೀಕರು ತಡೆದಿದ್ದಕ್ಕೆ, ಅದರ ಬದಲು ಇಡೀ ಪಟ್ಟಿಯನ್ನು ಮುದ್ರಿಸಿ ಇಟ್ಟಿದ್ದೆ. ಅದು ಪಟದ ಕೆಳಗೆ ಹಾಗೇ ಇತ್ತು, ಬಾಡಿದ ಸೇವಂತಿಗೆಯ ಸಮೇತ.

“ನಾ ಓದ್ತೀನಿ, ನೀವು ಬಡೀರಿ” ಎಂದು ಗುಮಾಸ್ತರು ಕಾಗದ ಕಸಿದುಕೊಂಡರು. “ಆ ಕುರ್ಚಿ ನನಗ ಬ್ಯಾಡ್ರಿ. ದಿನಾ ಬೈಸ್ಕೊಳ್ಳೋರು ಯಾರು?”

ಶನಿವಾರ, ಭಾನುವಾರ ಬಡಿದೆವು. ಕುಂಕುಮ ಮೆತ್ತಿದ ಕಡೆಯೆಲ್ಲ ಅವರು, “ಇದು ಮೂರೋ ಎಂಟೋ, ದೇವಿಗೇ ಗೊತ್ರಿ” ಎನ್ನುವರು. ನಾನು ರ್‍ಯಾಕಿನವರೆಗೆ ಓಡಿ ನೋಡಿಕೊಂಡು ಬರುವೆ, ಪ್ರತಿ ಸಲವೂ ಅವರ ಚಪ್ಪಲಿಯಲ್ಲಿ. ಭಾನುವಾರ ಸಂಜೆಗೆ ವಾಷರ್ ಎಂದರೂ ನಗು, ನಟ್ಟು ಎಂದರೂ ನಗು.

ಪಟ್ಟಿ ಮುಗಿಯಿತು. ಇನ್ನು ನಕಲು ಮಾಡಬೇಕು. ಆಗ ನೆನಪಾಯಿತು: ಶಾಲೆ ಬಿಡುವ ವಾರ ಮೇಷ್ಟ್ರು ರಜಾ ಅರ್ಜಿ ಬರೆಯುವುದನ್ನು ಕಲಿಸಿದ್ದರು. ಮೇಲೆ ಇವರಿಂದ, ಅದರ ಕೆಳಗೆ ಇವರಿಗೆ. ಈ ಹೊಸ ಯಂತ್ರ ಕೇಳುತ್ತಿದ್ದುದೂ ಅದೇ ಕ್ರಮ. ಎರಡು ಚೀಟಿ ಬರೆದು ಎ ಡ್ರೈವಿಗೆ ‘ಇವರಿಂದ’, ಬಿ ಡ್ರೈವಿಗೆ ‘ಇವರಿಗೆ’ ಎಂದು ಅಂಟಿಸಿದೆ. ಎರಡು ಸಲ ಓದಿ ಗುಂಡಿ ಒತ್ತಿದೆ.

ಸೋಮವಾರ ಮಾಲೀಕರು ಪಟ್ಟಿ ನೋಡಿದರು, ಆಮೇಲೆ ಚೀಟಿ ನೋಡಿದರು. “ಇದೇನ್ರೀ, ಕಂಪ್ಯೂಟರ್‌ಗೆ ರಜಾ ಅರ್ಜಿ ಬರೀತಿದ್ದೀರಾ?”

“ಹೂಂ ಸಾರ್. ನಿನ್ನೆ ಮಂಜೂರಾಯ್ತು.”

ನಿವೃತ್ತಿಯವರೆಗೂ ಆ ಕುರ್ಚಿಯಲ್ಲಿ ನಾನೇ ಕೂತೆ. ಈಗ ನನಗೆ ಅಲ್ಲಾಳಸಂದ್ರದಲ್ಲಿ ಒಂದು ಮನೆ, ಒಂದು ಸ್ಕೂಟರ್, ಇಬ್ಬರು ಹೆಣ್ಣುಮಕ್ಕಳು, ಆ ಪಟ್ಟಿಯ ಮೂರು ಫ್ಲಾಪಿ, ಕುಂಕುಮದ ಕಾಗದ ಒಂದು ಕಟ್ಟು.