ಶಿವಾಜಿನಗರದಲ್ಲಿ ಕುಗ್ಗಿದ ತೊಲ

ಕಂಟೋನ್ಮೆಂಟ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಗುಲಬರ್ಗಾದಿಂದ ಜೊತೆಗೆ ಬಂದಿರುವ ಅಕ್ಕನಿಗೆ, ಅವ್ವ ಕೊಟ್ಟ ಎರಡು ತೊಲದ ಪಾಟಲಿ ಬಳೆ ಕೊಟ್ಟು ಮಗಳಿಗೆ ಅಷ್ಟೇ ತೂಕದ ಸರ ಕೊಳ್ಳುವ ಆಸೆ. ಶಿವಾಜಿನಗರದ ಅಂಗಡಿಯೊಂದಕ್ಕೆ ಹೋದೆವು. ಬಳೆ ಇಟ್ಟರೆ ಎಲೆಕ್ಟ್ರಾನಿಕ್ ತಕ್ಕಡಿ ಇಪ್ಪತ್ತಮೂರು ಗ್ರಾಂ ದಾಟಿ ನಿಂತಿತು. ಮಾಲೀಕ ಇಪ್ಪತ್ತು ಗ್ರಾಮಿನ ಸರ ಮುಂದಿಟ್ಟ.

"ಉಳಿದ ಮೂರು ಗ್ರಾಂ ಎಲ್ಲಿ ಹೋತ್ರಿ?" ಎಂದೆ.

"ಈಗ ತೊಲ ಅಂದ್ರೆ ಹತ್ತೇ ಗ್ರಾಂ ಸಾರ್. ಎರಡು ತೊಲ ಕೊಟ್ರಿ, ಎರಡು ತೊಲ ತಗೊಂಡ್ರಿ. ಸರಿಹೋಯ್ತಲ್ಲ?"

ಮೈಯೆಲ್ಲ ಉರಿಯಿತು. ಹನ್ನೊಂದೂವರೆ ಗ್ರಾಮಿಗೂ ಮಿಕ್ಕ ಹಳೆಯ ತೊಲದಲ್ಲಿ ತೆಗೆದುಕೊಳ್ಳುವುದು, ಹತ್ತು ಗ್ರಾಮಿನ ಹೊಸ ತೊಲದಲ್ಲಿ ಕೊಡುವುದು! ಅದೂ ಹಾಡಹಗಲೇ, ನಗುನಗುತ್ತಾ, ಕಾಫಿ ಬೇರೆ ತರಿಸಿ! ಅವನ ಹಿಂದೆ, ಲಕ್ಷ್ಮಿಯ ಪಟದ ಕೆಳಗೆ, ಕುಂಕುಮ ಹಚ್ಚಿದ ಹಿತ್ತಾಳೆಯ ಹಳೆಯ ತೂಕದ ಬಟ್ಟು ಕಾಣಿಸಿತು. ಒಂದು ತೊಲದ್ದು.

"ಅದನ್ನ ತಕ್ಕಡಿ ಮ್ಯಾಲ ಇಡ್ರಿ, ನೋಡೂಣು," ಎಂದು ಗದರಿದೆ.

"ಅದು ನಮ್ಮ ತಾತನ ಕಾಲದ್ದು ಸಾರ್. ಪೂಜೆಗಿಟ್ಟಿರೋದು, ತೂಕಕ್ಕಲ್ಲ."

ಅಕ್ಕ ಪಾಟಲಿಗಳನ್ನು ಎತ್ತಿ ಮತ್ತೆ ಕೈಗೇರಿಸಿಕೊಂಡಳು.

"ಹಂಗಾರ ನಮ್ಮವ್ವನ ಪಾಟಲೀನೂ ಪೂಜಾಕ್ಕೇ ಇರ್ಲಿ ಬಿಡ್ರಿ."