ಗೊಂಬೆಯಮ್ಮ ಪೇಟೆ ತೋರಿಸಿದ ದಿನ

ಊರಿನ ನಟ್ಟನಡುವೆ, ವಾಹನಗಳಿಗೆ ಪ್ರವೇಶವಿಲ್ಲದ ಒಂದು ಉದ್ದನೆಯ ಅಂಗಡಿ ಬೀದಿಯಿದೆ. ಹೊರಗಿನಿಂದ ಬಂದವರು ಮೊದಲು ನೋಡುವುದು ಅದನ್ನೇ, ಹೋಗುವಾಗ ಹೊಗಳುವುದೂ ಅದನ್ನೇ. ಹೊಗಳುವವರಲ್ಲಿ ಒಬ್ಬರೂ ಅಲ್ಲಿ ಕೆಲಸ ಮಾಡಿದವರಲ್ಲ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಬೆಳಗಿನಿಂದ ಜನ ಕುರಿಮಂದೆಯಂತೆ ಸಾಗುತ್ತಿರುತ್ತಾರೆ. ಒಂದು ಕೈಯಲ್ಲಿ ಕಾಗದದ ಲೋಟದ ಕಾಫಿ, ಇನ್ನೊಂದರಲ್ಲಿ ಮೊಬೈಲು. ಮನೆಯ ಪಕ್ಕದ ಅಂಗಡಿಯಲ್ಲೇ ಸಿಗುವ ಚಪ್ಪಲಿಯನ್ನು ಇಲ್ಲಿ ಕೊಂಡು, ಬೀದಿಯ ಹೆಸರು ಅಚ್ಚಾದ ಚೀಲದಲ್ಲಿ ಹಾಕಿಸಿಕೊಂಡು, ಆ ಹೆಸರು ಎದುರು ಬರುವವರಿಗೆಲ್ಲ ಕಾಣುವಂತೆ ಹಿಡಿದು ನಡೆಯುತ್ತಾರೆ.

ಇದೆಲ್ಲ ಗೊಂಬೆಯಮ್ಮನ ಅಭಿಪ್ರಾಯ. ಈ ಕಥೆ ಹೇಳುತ್ತಿರುವವರಿಗೂ ಅದರಲ್ಲಿ ಹೆಚ್ಚಿನ ತಕರಾರಿಲ್ಲ.

ಗೊಂಬೆಯಮ್ಮ ಎಂದರೆ ಆ ಬೀದಿಯ ಅತಿ ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಂತಿರುವ ಗೊಂಬೆಗಳಿಗೆ ಬಟ್ಟೆ ತೊಡಿಸುವವಳು. ಕೂದಲು ಕಪ್ಪಗಿದ್ದಾಗ ಕೆಲಸಕ್ಕೆ ಸೇರಿದವಳು, ಈಗ ಅರ್ಧಕ್ಕಿಂತ ಹೆಚ್ಚು ನರೆತಿದೆ. ತುಟಿಗಳ ನಡುವೆ ಸದಾ ಪಿನ್ನು ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ. ಆಡಿದರೆ ಪಿನ್ನಿನಷ್ಟೇ ಚೂಪು. ಅಂಗಡಿಯ ಯಜಮಾನನಿಗೂ ಅವಳೆಂದರೆ ಒಳಗೊಳಗೇ ಅಳುಕು.

ಅವಳ ಕೆಲಸದ ಗುಟ್ಟು ಇಷ್ಟು. ಗೊಂಬೆಗಳು ಕಡ್ಡಿಯಂತೆ ಸಣ್ಣ. ಅವಕ್ಕೆ ಯಾವ ಬಟ್ಟೆ ಹಾಕಿದರೂ ಜೋಲುತ್ತದೆ. ಗೊಂಬೆಯಮ್ಮ ಹೆಚ್ಚಾದ ಬಟ್ಟೆಯನ್ನೆಲ್ಲ ಬೆನ್ನ ಹಿಂದೆ ಎಳೆದು, ಮಡಚಿ, ಪಿನ್ನು ಚುಚ್ಚಿ, ಕ್ಲಿಪ್ಪು ಹಾಕಿ ಬಿಗಿಯುತ್ತಾಳೆ. ಮುಂದಿನಿಂದ ನೋಡಿದರೆ ಆ ಮೈಗೆಂದೇ ಹೊಲಿದಂತಿರುತ್ತದೆ. ಹಿಂದಿನಿಂದ ನೋಡಿದರೆ ಮುಳ್ಳುಹಂದಿ. ಗಿರಾಕಿಗಳು ಒಳಗೆ ಬಂದು ಅದೇ ಬಟ್ಟೆ ಕೇಳಿ ಪಡೆದು, ತೊಟ್ಟು, ಕನ್ನಡಿಯ ಮುಂದೆ ನಿಂತು, ಗಾಜಿನೊಳಗೆ ಕಂಡದ್ದು ತಮ್ಮ ಮೈಮೇಲೆ ಯಾಕೆ ಬರಲಿಲ್ಲವೆಂದು ತಬ್ಬಿಬ್ಬಾಗುತ್ತಾರೆ. ಬಟ್ಟೆಯನ್ನು ಬೈಯುವವರು ಯಾರೂ ಇಲ್ಲ, ತಮ್ಮ ಹೊಟ್ಟೆಯನ್ನೇ ಬೈದುಕೊಂಡು ದುಡ್ಡು ಕೊಟ್ಟು ಹೋಗುತ್ತಾರೆ. ಇಂಥವರ ಬಗ್ಗೆ ಗೊಂಬೆಯಮ್ಮನಿಗೆ ಗೌರವ ಹುಟ್ಟುವುದಾದರೂ ಹೇಗೆ?

ವರ್ಷಗಟ್ಟಲೆ ಹೀಗೆ ದುಡಿದು ಅವಳ ಕಣ್ಣು ಒಂದು ಚಾಳಿಗೆ ಬಿದ್ದಿತ್ತು. ಏನೇ ಕಂಡರೂ ಮೊದಲು ಅದರ ಹಿಂಬದಿಗೆ ಹೋಗುತ್ತಿತ್ತು. ಮದುವೆಯ ಮಾತು ಬಂದ ಕಾಲದಲ್ಲಿ ಬಂದ ಗಂಡುಗಳಲ್ಲೆಲ್ಲ ಹಿಂದಿನ ಪಿನ್ನನ್ನೇ ಹುಡುಕಿದಳು. ಹುಡುಕಿದರೆ ಸಿಗದೆ ಇರುತ್ತದೆಯೇ? ಮದುವೆ ಆಗಲಿಲ್ಲ. ಬೀದಿಯ ಹಿಂದಿನ ಓಣಿಯಲ್ಲಿ, ಬೀಗ ರಿಪೇರಿ ಅಂಗಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ತನಗೆ ಯಾರ ಹಂಗೂ ಇಲ್ಲವೆಂದು ಹೇಳಿಕೊಂಡು ತಿರುಗುತ್ತಿದ್ದಳು.

ಆದರೆ ಮಂಡಿಗಳು ಕೈಕೊಟ್ಟವು. ಗಾಜಿನ ಹಿಂದಿನ ಇಕ್ಕಟ್ಟಿನಲ್ಲಿ ಮಂಡಿಯೂರಿ ಕೂತರೆ ಏಳುವುದು ಕಷ್ಟವಾಯಿತು. ಕೈಕೆಳಗೆ ಒಬ್ಬರನ್ನು ಇಟ್ಟುಕೋ ಎಂದು ಯಜಮಾನ ಹೇಳಿದಾಗ ಅವಳಿಗೆ ನೆನಪಾದದ್ದು ಅಕ್ಕನ ಮಗಳು. ಹುಡುಗಿ ಆಗಷ್ಟೇ ಹೊಲಿಗೆ ಕಲಿತು ಮುಗಿಸಿದ್ದಳು. ಒಂದು ದಿನದ ಮಟ್ಟಿಗೆ ಬಂದು ನೋಡಲಿ, ಒಪ್ಪಿದರೆ ಅವತ್ತೇ ಉಳಿದುಕೊಳ್ಳಲಿ, ಇಲ್ಲವಾದರೆ ಸಂಜೆಯ ಬಸ್ಸಿಗೆ ತಾಯಿಯ ಜೊತೆ ವಾಪಸ್ಸು ಹೋಗಲಿ ಎಂದು ಮಾತಾಯಿತು. ಫೋನಿನಲ್ಲಿ ಅಕ್ಕನ ಮುಂದೆ ಗೊಂಬೆಯಮ್ಮ ಇದೊಂದು ದೊಡ್ಡ ಉಪಕಾರ ಎನ್ನುವ ಧಾಟಿಯಲ್ಲೇ ಮಾತಾಡಿದಳು. ನಿಜಕ್ಕೂ ಅವಳಿಗೆ ಆ ಹುಡುಗಿ ಬೇಕಾಗಿದ್ದಳು. ಕೆಲಸಕ್ಕಲ್ಲ, ಮನೆಗೆ. ಬೀಗ ತೆಗೆದು ಒಳಗೆ ಹೋದಾಗ ಯಾರಾದರೂ ಒಬ್ಬರು ತಲೆಯೆತ್ತಿ ನೋಡಬೇಕು ಎಂಬ ಆಸೆ ಅವಳಿಗೆ ಹಸಿವಿನಂತೆ ಹತ್ತಿಕೊಂಡಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ.

ತಾಯಿ ಮಗಳು ಬೆಳಗಿನ ಬಸ್ಸಿಗೆ ಬಂದಿಳಿದರು. ಹುಡುಗಿಯ ಕೈಯಲ್ಲಿ ಬಟ್ಟೆಬರೆಯ ಚೀಲವಿತ್ತು. ಅದನ್ನು ನೋಡಿ ಗೊಂಬೆಯಮ್ಮನ ಜೀವಕ್ಕೆ ಹಾಯೆನಿಸಿತು. ಬಾಯಲ್ಲಿ ಬಂದದ್ದು ಮಾತ್ರ, "ಈ ಚೀಲದ ಜಿಪ್ಪು ಇನ್ನೊಂದು ವಾರ ಬಾಳಲ್ಲ" ಎಂಬ ಮಾತು.

ಅವತ್ತು ರಜೆ ಹಾಕಿ ಅವರಿಗೆ ಊರು ತೋರಿಸಲು ಹೊರಟಳು. ಮೊದಲು ಗಡಿಯಾರದ ಗೋಪುರ. ಗಂಟೆ ಬಾರಿಸುವಾಗ ಮೇಲೊಂದು ಪುಟ್ಟ ಬಾಗಿಲು ತೆರೆದು ತಗಡಿನ ಹುಂಜವೊಂದು ಹೊರಬಂದು ರೆಕ್ಕೆ ಬಡಿಯುತ್ತದೆ. ಅದನ್ನು ನೋಡಲು ಜನ ಕತ್ತು ನೋಯುವಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ನಿಂತಿರುತ್ತಾರೆ. ಹುಂಜ ಬಂತು. ಹುಡುಗಿ ಚಪ್ಪಾಳೆ ತಟ್ಟಿದಳು.

"ಯಂತ್ರ ಕೆಟ್ಟು ಎಷ್ಟೋ ಕಾಲ ಆಯ್ತು," ಎಂದಳು ಗೊಂಬೆಯಮ್ಮ. "ಒಳಗೊಬ್ಬ ಮುದುಕ ಕೂತು ಹಗ್ಗ ಎಳೀತಾನೆ. ಅವನಿಗೆ ಕೆಮ್ಮು ಬಂದ ದಿನ ಹುಂಜಾನೂ ಇಲ್ಲ, ಗಿಂಜಾನೂ ಇಲ್ಲ."

ಹುಡುಗಿ ನಕ್ಕಳು. "ಪಾಪ, ಅಜ್ಜ! ಅಷ್ಟು ಮೇಲೆ ದಿನಾ ಹತ್ತಿ ಹೋಗ್ತಾರಾ?"

ಗೊಂಬೆಯಮ್ಮನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಮುದುಕನ ಕಾಲಿನ ಯೋಚನೆ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ.

ಅಲ್ಲಿಂದ ಕಾರಂಜಿಯ ಚೌಕಕ್ಕೆ. ಅಲ್ಲಿ ಹೊಸ ಜೋಡಿಗಳು ನೀರಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದವು, ಪಾರಿವಾಳಗಳು ಅವರ ತಲೆಯ ಮೇಲೆ ತಮ್ಮ ಕೆಲಸ ಮುಗಿಸುತ್ತಿದ್ದವು. ಹುಡುಗಿ ಹನಿಗೆ ಮುಖವೊಡ್ಡಿದಳು. ಅದೇ ನೀರು ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ, ನಾಯಿಗಳು ಕುಡಿದು ಬಿಟ್ಟದ್ದೂ ಅದರಲ್ಲೇ ಇದೆ ಎಂದು ಗೊಂಬೆಯಮ್ಮ ವಿವರಿಸಿದಳು. ಆಮೇಲೆ ಅರಮನೆಯ ಸಾಮಾನುಗಳನ್ನಿಟ್ಟ ವಸ್ತುಸಂಗ್ರಹಾಲಯ. ಹಳೆಯ ರಾಣಿಯೊಬ್ಬಳ ಜರಿಯ ನಿಲುವಂಗಿಯ ಮುಂದೆ ತಾಯಿ ಮಗಳು ಇಬ್ಬರೂ ಕಣ್ಣರಳಿಸಿ ನಿಂತರು.

"ಹಿಂಭಾಗ ಪೂರ್ತಿ ಇಲಿ ತಿಂದಿದೆ," ಎಂದಳು ಗೊಂಬೆಯಮ್ಮ. "ಅದಕ್ಕೇ ಗೋಡೆಗೆ ಒತ್ತಿ ನಿಲ್ಲಿಸಿದಾರೆ. ಹಾಗೆ ನಿಲ್ಲಿಸೋಕೆ ಕರೆಸಿದ್ದು ನನ್ನನ್ನೇ."

ಅಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. "ನಿನ್ನ ನಾಲಿಗೆಗೂ ಒಂದು ದಿನ ರಜೆ ಹಾಕಬಾರದೇನೇ? ನಾವು ನೋಡೋಕೆ ಬಂದಿದೀವಿ, ಪಂಚನಾಮೆ ಮಾಡೋಕಲ್ಲ."

"ಇರೋದನ್ನ ಹೇಳಿದೆ ಅಷ್ಟೇ."

"ಇರೋದ್ರಲ್ಲಿ ಚೆನ್ನಾಗಿರೋದೂ ಸೇರುತ್ತೆ ಕಣೇ."

ಗೊಂಬೆಯಮ್ಮ ಮೂಗು ಮುರಿದಳು. ಅಕ್ಕ ಮೊದಲಿಂದಲೂ ಹೀಗೆಯೇ, ಹೊಳೆಯುವುದನ್ನೆಲ್ಲ ನಂಬುವವಳು. ಹುಡುಗಿಯಾದರೂ ತಾಯಿಯಂತಾಗದೆ ಇರಲಿ ಎಂದುಕೊಂಡಳು. ತಾನು ಬೆಳಗಿನಿಂದ ಪಡುತ್ತಿದ್ದ ಶ್ರಮವೆಲ್ಲ ಅದಕ್ಕೇ ಎಂದು ಅವಳು ಪ್ರಾಮಾಣಿಕವಾಗಿ ನಂಬಿದ್ದಳು.

ಮಧ್ಯಾಹ್ನದ ಮೇಲೆ ಅಂಗಡಿ ಬೀದಿಗೆ ಬಂದರು. ಜನಜಂಗುಳಿಯಲ್ಲಿ ಹುಡುಗಿ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದಳು, ಇದ್ದಕ್ಕಿದ್ದಂತೆ ನಿಂತಳು. ದೊಡ್ಡ ಗಾಜಿನ ಹಿಂದೆ ನೀಲಿ ಕೋಟು ತೊಟ್ಟ ಗೊಂಬೆಯೊಂದು ಆಗಷ್ಟೇ ಈ ಕಡೆ ತಿರುಗಿದಂತೆ ನಿಂತಿತ್ತು. ಹುಡುಗಿ ಗಾಜಿಗೆ ಮೂಗು ಒತ್ತಿದಳು, ಉಸಿರಿನ ಮಂಜು ಕಟ್ಟಿತು. ಗಾಜಿಗೆ ಮೂಗೊತ್ತುವವರನ್ನು ಕಂಡರೆ ಮೈಯೆಲ್ಲ ಉರಿಯುವ ಗೊಂಬೆಯಮ್ಮನಿಗೆ ಅಂದು ಸಿಟ್ಟು ಬರಲಿಲ್ಲ.

"ಎಷ್ಟು ಚೆನ್ನಾಗಿದೆ ಚಿಕ್ಕಮ್ಮ! ಇದನ್ನ ಯಾರು ಹಾಕಿದ್ದು?"

"ನಾನೇ," ಎಂದಳು.

ಹಿಂಬಾಗಿಲಿನಿಂದ ಇಬ್ಬರನ್ನೂ ಒಳಗೆ ಕರೆದೊಯ್ದಳು. ಗಾಜಿನ ಹಿಂದಿನ ಕೋಣೆಯಲ್ಲಿ ಕೈ ಕಳಚಿಟ್ಟ ಗೊಂಬೆಗಳು, ಗೊಂಬೆ ಕಳಚಿಕೊಂಡ ಕೈಗಳು, ಪಿನ್ನಿನ ಡಬ್ಬಿಗಳು, ಮೂಲೆಯಲ್ಲೊಂದು ಆಳೆತ್ತರದ ಕನ್ನಡಿ. ಗೂಟದಲ್ಲಿದ್ದ ಅಂಥದೇ ಇನ್ನೊಂದು ನೀಲಿ ಕೋಟನ್ನು ತೆಗೆದು ಹುಡುಗಿಗೆ ತೊಡಿಸಿದಳು. ಕೋಟು ಗೋಣಿಚೀಲದಂತೆ ಜೋತಿತು. ಹುಡುಗಿಯ ಮುಖ ಬಾಡುವ ಮೊದಲೇ ಗೊಂಬೆಯಮ್ಮ ಪಿನ್ನು ಕಚ್ಚಿಕೊಂಡು ಅವಳ ಬೆನ್ನ ಹಿಂದೆ ನಿಂತಳು. ಪಳಗಿದ ಕೈ, ಸರಸರನೆ ಓಡಿತು. ಒಂದು ಮಡಿಕೆ, ಒಂದು ಪಿನ್ನು, ಸೊಂಟದ ಹತ್ತಿರ ಎರಡು ಕ್ಲಿಪ್ಪು.

ಕನ್ನಡಿಯಲ್ಲಿ ಬೇರೆಯೇ ಹುಡುಗಿ ನಿಂತಿದ್ದಳು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಗೊಂಬೆಯಮ್ಮ ಕಡ್ಡಿಗಳಿಗೆ ಬಟ್ಟೆ ತೊಡಿಸಿದ್ದಳು. ಉಸಿರಾಡುವ ಮೈ, ನಾಚಿ ಕೆಂಪೇರುವ ಮುಖ ಅವಳ ಕೈಗೆ ಸಿಕ್ಕಿದ್ದು ಅದೇ ಮೊದಲು. ಇಂಥ ಚೆಲುವನ್ನು ತಾನು ಎಲ್ಲೂ ಕಂಡಿಲ್ಲ ಎನಿಸಿತು.

"ಅಮ್ಮಾ," ಎಂದಳು ಹುಡುಗಿ, ಕನ್ನಡಿಯಿಂದ ಕಣ್ಣು ಕೀಳದೆ, "ನಾನು ಇಲ್ಲೇ ಇರ್ತೀನಿ. ಚಿಕ್ಕಮ್ಮನ ಹತ್ರ ಇದನ್ನ ಕಲೀತೀನಿ."

ಆ ಗಳಿಗೆಯಲ್ಲಿ ಸುಮ್ಮನಿದ್ದಿದ್ದರೆ ಸಾಕಿತ್ತು. ಬೇರೆ ಯಾರೇ ಆಗಿದ್ದರೂ ಸುಮ್ಮನಿರುತ್ತಿದ್ದರು, ಇಲ್ಲವೇ ಹುಡುಗಿಯನ್ನು ತಬ್ಬಿಕೊಳ್ಳುತ್ತಿದ್ದರು. ಗೊಂಬೆಯಮ್ಮನಿಗೆ ಖುಷಿ ತಡೆಯಲಾಗಲಿಲ್ಲ, ತಬ್ಬಿಕೊಳ್ಳಲು ಬರುತ್ತಿರಲಿಲ್ಲ. ತನ್ನ ಹತ್ತಿರ ಇದ್ದದ್ದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದನ್ನು ಈಗಲೇ ಈ ಹುಡುಗಿಗೆ ಕೊಟ್ಟುಬಿಡಬೇಕು ಎನಿಸಿತು. ಕೈಗನ್ನಡಿಯೊಂದನ್ನು ತಂದು ಹುಡುಗಿಯ ಕೈಗಿತ್ತು, ಅವಳನ್ನು ಭುಜ ಹಿಡಿದು ತಿರುಗಿಸಿದಳು.

"ಈಗ ಹಿಂದೆ ನೋಡು."

ಹುಡುಗಿ ನೋಡಿದಳು. ಬೆನ್ನ ತುಂಬ ಮುದುರಿದ ಬಟ್ಟೆ, ಕಚ್ಚಿಕೊಂಡ ಕ್ಲಿಪ್ಪುಗಳು, ಸಾಲಾಗಿ ಪಿನ್ನಿನ ತಲೆಗಳು.

"ಚಂದ ಅನ್ನೋದು ಇಷ್ಟೇ," ಎಂದಳು ಗೊಂಬೆಯಮ್ಮ, ಉತ್ಸಾಹದಿಂದ. "ಮುಂದೆ ಮಾತ್ರ. ಕೋಟೂ ಇಷ್ಟೇ, ಹುಂಜಾನೂ ಇಷ್ಟೇ, ರಾಣೀನೂ ಇಷ್ಟೇ, ಈ ಬೀದಿ ಪೂರ್ತಿ ಇಷ್ಟೇ. ಇದು ನಿನ್ನ ತಲೆಗೆ ಹತ್ತಿದ್ರೆ ಜೀವನದಲ್ಲಿ ಯಾರೂ ನಿನಗೆ ಟೋಪಿ ಹಾಕೋಕಾಗಲ್ಲ. ನನಗೆ ಇದನ್ನ ಯಾರೂ ಹೇಳಿಕೊಡಲಿಲ್ಲ."

ಹುಡುಗಿ ಮತ್ತೆ ದೊಡ್ಡ ಕನ್ನಡಿಯ ಕಡೆ ತಿರುಗಿದಳು. ಕೋಟಿನ ಮುಂಭಾಗ ಇದ್ದಂತೆಯೇ ಇತ್ತು, ಒಂದು ನೆರಿಗೆಯೂ ಅಲ್ಲಾಡಿರಲಿಲ್ಲ. ಆದರೆ ಅವಳು ಅದನ್ನು ನೋಡುವ ಬಗೆ ಬದಲಾಗಿತ್ತು. ಪಿನ್ನು ತಗಲದ ಹಾಗೆ ಹುಷಾರಾಗಿ ತೋಳು ಕಳಚಿ ಕೋಟನ್ನು ಚಿಕ್ಕಮ್ಮನ ಕೈಗೆ ಕೊಟ್ಟು, "ಥ್ಯಾಂಕ್ಸ್ ಚಿಕ್ಕಮ್ಮ" ಎಂದಳು. ಆಮೇಲೆ ಕಾಫಿ ಕುಡಿದು ಬೀದಿಯ ಉಳಿದರ್ಧ ನಡೆಯುವಾಗ ಯಾವ ಗಾಜಿನ ಮುಂದೆಯೂ ನಿಲ್ಲಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಅಕ್ಕ ಚೀಲವನ್ನು ಎತ್ತಿ ಮಗಳ ಹೆಗಲಿಗೆ ಹಾಕಿದಳು.

"ಬಸ್ಸಿಗೆ ಹೊತ್ತಾಯ್ತು ಕಣೇ. ಇಬ್ಬರೂ ಹೋಗ್ತೀವಿ."

"ಯಾಕೆ? ಕೆಲಸ ಕಷ್ಟ ಅಂತಾನಾ?"

"ಕೆಲಸ ಅಲ್ಲ." ಅಕ್ಕ ತಂಗಿಯ ಮುಖ ನೋಡಲಿಲ್ಲ. "ನಿನ್ನ ಜೊತೆ ಇದ್ರೆ ತನಗೂ ಏನೂ ಚಂದ ಕಾಣಲ್ಲ ಅಂತ ಭಯ ಆಯ್ತಂತೆ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳುವುದು ಗೊಂಬೆಯಮ್ಮನ ಸ್ವಭಾವವಲ್ಲ, ಅವಳಿಗೆ ಸಿಟ್ಟು ಬಂತು. ಇವತ್ತಿನ ಕಾಲದ ಹುಡುಗಿಯರಿಗೆ ನಿಜ ಬೇಕಿಲ್ಲ, ಬಣ್ಣದ ಕಾಗದ ಸುತ್ತಿ ಕೊಟ್ಟರೆ ಕಲ್ಲನ್ನೂ ಸವಿಯುತ್ತಾರೆ ಎಂದು ಬಸ್ ನಿಲ್ದಾಣದವರೆಗೂ ಮನಸ್ಸಿನಲ್ಲೇ ಬೈಯುತ್ತ ನಡೆದಳು. ಮಂಡಿ ನೋಯುತ್ತಿತ್ತು, ಆದರೂ ಎಲ್ಲರಿಗಿಂತ ಮುಂದೆ ನಡೆದಳು. ತಿರುಗಿ ನೋಡಿದರೆ ಬೇಡಿಕೊಂಡುಬಿಡುತ್ತೇನೆ ಎಂಬ ಹೆದರಿಕೆ ಅವಳಿಗಿತ್ತು.

ಬಸ್ಸು ಹೊರಡಲು ನಿಂತಿತ್ತು. ಅಕ್ಕ ಹತ್ತಿ ಸೀಟು ಹಿಡಿದಳು. ಹುಡುಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಮತ್ತೆ ಕೆಳಗಿಳಿದು ಬಂದಳು.

"ಚಿಕ್ಕಮ್ಮ, ಒಂದು ಮಾತು ಕೇಳ್ಲಾ? ಪಿನ್ನಿನ ವಿಷಯ ಬಿಡಿ. ಆ ಕೋಟಿನಲ್ಲಿ ನಾನು ಹೇಗೆ ಕಾಣ್ತಿದ್ದೆ?"

ಕಂಡಕ್ಟರ್ ಹತ್ತಿ ಹತ್ತಿ ಎಂದು ಕೂಗುತ್ತಿದ್ದ. ಹುಡುಗಿ ಅತ್ತ ನೋಡದೆ ಕಾಯುತ್ತ ನಿಂತಳು. ಒಂದು ಮಾತು ಸಾಕಾಗಿತ್ತು, ಚೀಲ ಇನ್ನೂ ಅವಳ ಹೆಗಲಲ್ಲೇ ಇತ್ತು. ಆ ಮಾತು ಗೊಂಬೆಯಮ್ಮನಿಗೆ ಗೊತ್ತಿತ್ತು. ಮಧ್ಯಾಹ್ನದಿಂದ ಅದು ಅವಳ ಎದೆಯಲ್ಲಿ ಕೂತಿತ್ತು, ನಾಲಿಗೆಯ ತುದಿಗೂ ಬಂತು. ಅವಳು ಬಾಯಿ ತೆರೆದಳು.

"ಭುಜದ ಹತ್ರ ಸ್ವಲ್ಪ ಇಳಿಬಿದ್ದಿತ್ತು," ಎಂದಳು.

ಹುಡುಗಿ ತಲೆಯಾಡಿಸಿ, ಬಗ್ಗಿ ಚಿಕ್ಕಮ್ಮನ ಕೈ ಮುಟ್ಟಿ, ಬಸ್ಸು ಹತ್ತಿದಳು.