ಬೂದೆಪ್ಪ ಮನೆಗೆ ಟವೆಲ್ ಹಾಕಿದ್ದು

ರಾಯಚೂರಿನ ಬಸ್ ನಿಲ್ದಾಣಕ್ಕೆ ಸಂಜೆ ದೇವದುರ್ಗದ ಬಸ್ಸು ಬಂದಾಗ ಅದು ನಿಲ್ಲುವ ತನಕ ಯಾರೂ ಕಾಯುವುದಿಲ್ಲ. ಇನ್ನೂ ತಿರುಗುತ್ತಿರುವಾಗಲೇ ಕಿಟಕಿಗಳೊಳಗೆ ಕರ್ಚೀಫು, ಟಿಫಿನ್ ಡಬ್ಬಿ, ಒಮ್ಮೊಮ್ಮೆ ಒಂಟಿ ಚಪ್ಪಲಿಯೂ ಹಾರಿ ಹೋಗುತ್ತವೆ. ಯಾರ ವಸ್ತು ಮೊದಲು ಬಿತ್ತೋ ಸೀಟು ಅವರದು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನಾನು ಕಂಡಿದ್ದೇನೆ. ಆದರೆ ಹಾಕಿದ ಟವೆಲ್ಲನ್ನು ಸರಿಸಿ ಕೂತವನನ್ನು ನಮ್ಮ ಕಡೆ ಈ ತನಕ ಕಂಡಿಲ್ಲ.

ಈ ವಿದ್ಯೆಯಲ್ಲಿ ಅದೇ ದಾರಿಯ ಗಬ್ಬೂರಿನ ಬೂದೆಪ್ಪನನ್ನು ಮೀರಿಸುವವರಿರಲಿಲ್ಲ. ಉಳಿದವರ ಟವೆಲ್ಲು ಗಾಳಿಗೆ ಬಿಚ್ಚಿಕೊಂಡು ಎಲ್ಲೋ ಬೀಳುತ್ತದೆ. ಬೂದೆಪ್ಪ ತನ್ನ ಕೆಂಪು ಟವೆಲ್ಲಿನ ಚುಂಗಿಗೆ ಒಂದು ನಿಂಬೆಹಣ್ಣು ಕಟ್ಟಿ ಎಸೆಯುತ್ತಿದ್ದ. ನಿಂಬೆಹಣ್ಣಿನ ಭಾರಕ್ಕೆ ಅದು ನೇರವಾಗಿ ಹೋಗಿ ಡ್ರೈವರನ ಹಿಂದಿನ ಸೀಟಿನ ಮೇಲೆ ಕೂರುತ್ತಿತ್ತು. ನಿಂಬೆಹಣ್ಣಿಗೆ ಅವನಿಗೇನೂ ಬರವಿಲ್ಲ, ರಾಯಚೂರಿನ ಒಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಅಂಗಡಿಯಲ್ಲಿ ಬಾಣಲಿ ಮುಂದೆ ನಿಲ್ಲುವ ಕೆಲಸ ಅವನದು. ನಾನೂ ಗಬ್ಬೂರಿನವನೇ, ರಾಯಚೂರಿನ ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತ. ಅಲ್ಲಿ ಬಾಡಿಗೆ ಮನೆ ಹುಡುಕಿ, ಮಾಲೀಕರ ಜೊತೆ ಬಾಯಿ ಮಾಡಿಕೊಂಡು, ಈ ಸಹವಾಸವೇ ಬೇಡವೆಂದು ದಿನಾ ಊರಿನಿಂದ ಬಸ್ಸು ಹಿಡಿಯತೊಡಗಿ ಎಷ್ಟೋ ವರ್ಷಗಳಾದವು. ನನ್ನ ಸೀಟೂ ಬೂದೆಪ್ಪನ ಟವೆಲ್ಲಿನ ಕೃಪೆಯೇ.

ಅವನಿಗೆ ಹೋದ ವರ್ಷ ಮದುವೆಯಾಯಿತು. ಹುಡುಗಿ ಮಂಜುಳಾ ಮಾನ್ವಿಯ ಆಸ್ಪತ್ರೆಯಲ್ಲಿ ನರ್ಸು. ಮದುವೆ ಮಾಡಿದ ಹಿರಿಯರು ಜಾತಕ ನೋಡಿದರೇ ಹೊರತು ಬಸ್ಸಿನ ಟೈಮು ನೋಡಲಿಲ್ಲ. ಗಬ್ಬೂರಿನಿಂದ ಮಾನ್ವಿಗೆ ನೇರ ಬಸ್ಸಿಲ್ಲ, ರಾಯಚೂರಿಗೆ ಬಂದು ಬದಲಾಯಿಸಿಕೊಂಡು ಹೋಗಬೇಕು. ಮಾನ್ವಿಯಲ್ಲಿ ಮನೆ ಮಾಡೋಣವೆಂದರೆ, ಅಲ್ಲಿಯ ಮೊದಲ ಬಸ್ಸು ರಾಯಚೂರು ಮುಟ್ಟುವ ಹೊತ್ತಿಗೆ ಅವನ ಗಿರಾಕಿಗಳು ಮಿರ್ಚಿ ತಿಂದು ಕೈ ತೊಳೆದಿರುತ್ತಾರೆ. ಹೀಗಾಗಿ ಅವಳು ಮಾನ್ವಿಯಲ್ಲಿ ಚಿಕ್ಕಮ್ಮನ ಒಂದೇ ಕೋಣೆಯ ಮನೆಯಲ್ಲಿ, ಇವನು ಗಬ್ಬೂರಿನಲ್ಲಿ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಇವನು ಈ ಕಡೆಯಿಂದ ಹೋಗುವುದು, ಅವಳು ಆ ಕಡೆಯಿಂದ ಬರುವುದು, ನಡುವಿನ ಕಲ್ಲೂರಿನಲ್ಲಿ ಇಳಿದು ರಸ್ತೆ ಬದಿಯ ಹೋಟೆಲಿನ ಬೆಂಚಿನ ಮೇಲೆ ಚಹಾ ಹಿಡಿದು ಕೂರುವುದು. ಮದುವೆಯಾದ ಗಂಡಹೆಂಡತಿ ಕದ್ದು ಕೂತವರ ಹಾಗೆ ಬಸ್ಸು ಬಂತೇ ಎಂದು ಕತ್ತು ಉದ್ದ ಮಾಡುತ್ತಿದ್ದರು.

ಬೇಸಿಗೆಯಲ್ಲಿ ಮಂಜುಳಾ ಖಡಾಖಂಡಿತ ಹೇಳಿಬಿಟ್ಟಳು.

"ಆಷಾಢ ಹಿಡಿಯೂದರಾಗ ರಾಯಚೂರಾಗ ಮನಿ ಮಾಡ್ರಿ, ನಾ ದಿನಾ ಮಾನ್ವಿಗೆ ಓಡಾಡ್ತೀನಿ. ಇಲ್ಲಂದ್ರ ದೇವದುರ್ಗದ ಆಚಿ ಜಾಲಹಳ್ಳಿ ಆಸ್ಪತ್ರಿಗೆ ವರ್ಗ ತಗೋತೀನಿ. ಅಲ್ಲಿ ಕ್ವಾರ್ಟರ್ಸ್ ಅದ. ನೀವು ಹಬ್ಬಕ್ಕ ಬರ್ರಿ."

ಹಬ್ಬಕ್ಕೆ ಬರ್ರಿ ಎಂಬ ಮಾತು ಅವನಿಗೆ ನಾಟಿತು. ಮರುದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಅಣ್ಣಾ, ಬೀಗರನ್ನ ಕರದಂಗ ಕರದ್ಲು ನೋಡ್ರಿ" ಎಂದ. ಅವತ್ತಿನಿಂದ ಮನೆ ಹುಡುಕಾಟ ಶುರುವಾಯಿತು.

ಮೊದಲು ಯರಗೇರಾಕ್ಕೆ ಹೋದ, ಊರ ಹೊರಗಾದರೆ ಅಗ್ಗ ಸಿಕ್ಕೀತೆಂದು. ಯುನಿವರ್ಸಿಟಿ ಬಂದ ಮೇಲೆ ಅಲ್ಲಿ ದನದ ಕೊಟ್ಟಿಗೆಗೂ ಟೈಲ್ಸ್ ಬಡಿದು ರೂಮು ಎನ್ನುತ್ತಾರೆ. ಅಂಥ ರೂಮಿನ ಮಾಲೀಕ ಪರಮಣ್ಣ ವಿದ್ಯಾರ್ಥಿಗಳಿಗೆ ಹೇಳುವ ಹಾಗೆ ಕಾಟಿನ ಲೆಕ್ಕದಲ್ಲಿ, ಮಂಚಕ್ಕಿಷ್ಟು ಎಂದು ಬಾಡಿಗೆ ಹೇಳಿದ.

"ನಾವು ಗಂಡ ಹೆಂಡ್ತಿ ಅದೀವ್ರಿ" ಎಂದ ಬೂದೆಪ್ಪ.

"ಹಂಗಾರ ಎರಡು ಕಾಟು."

"ಒಂದ ಸಾಕ್ರಿ." ಬೂದೆಪ್ಪನ ಕಿವಿ ಕೆಂಪಾಗಿತ್ತು.

"ಒಂದ ತಗೊಂಡ್ರೂ ಬಾಡಿಗಿ ತಲಿಗೆ."

ರಾಯಚೂರಿನೊಳಗೆ ಒಬ್ಬ ಮಾಲೀಕ, "ಏನು ತಿಂತೀರಿ?" ಎಂದು ಕೇಳಿದ. ಬೂದೆಪ್ಪ ಪ್ರಾಮಾಣಿಕವಾಗಿ "ಮಿರ್ಚಿ" ಎಂದ. "ಅದಲ್ಲೋ, ಯಾವ ಮಂದಿ ನೀವು?" "ಗಬ್ಬೂರು ಮಂದಿರೀ." ಬಾಗಿಲು ಮುಚ್ಚಿತು. ಇನ್ನೊಬ್ಬ, ಮುಂದೊಂದು ದಿನ ವಿಮಾನ ನಿಲ್ದಾಣ ಬರುತ್ತದಾದ್ದರಿಂದ ಬಾಡಿಗೆ ಈಗಲೇ ಹೆಚ್ಚು ಎಂದ. ವಿಮಾನ ಬಂದ ಮೇಲೆ ಕೊಡುತ್ತೇನೆಂದರೆ ಕೇಳಲಿಲ್ಲ. ತಗಡಿನ ಮನೆಯೊಂದು ಕೈಗೆಟುಕುವಂತಿತ್ತು. ಬಿಸಿಲ ಹೊತ್ತಿನಲ್ಲಿ ಅದರೊಳಗೆ ನಿಂತು ನೋಡಿ ಬಂದ ಬೂದೆಪ್ಪ, "ಬಾಣಲ್ಯಾಗ ಮಿರ್ಚಿಗೆ ಏನ ಅನಸ್ತದ ಅಂತ ಇವತ್ತ ಗೊತ್ತಾತು" ಎಂದ. ನಾನು ಅವನ ಪರವಾಗಿ ಬಸ್ಸಿನಲ್ಲಿ ಕೂತೇ ಎಲ್ಲ ಮಾಲೀಕರನ್ನೂ ಬಯ್ದೆ. ಅದರಿಂದ ಮನೆಯೇನೂ ಸಿಗಲಿಲ್ಲ.

ಕೊನೆಗೆ ಒಂದು ಅಮಾವಾಸ್ಯೆ ಶನಿವಾರ ಬಂತು. ಅವತ್ತು ಯಾರೂ ಮನೆ ನೋಡುವುದಿಲ್ಲವಾದ್ದರಿಂದ ಪೈಪೋಟಿ ಇರುವುದಿಲ್ಲ ಎಂದು ಬೂದೆಪ್ಪ ಲೆಕ್ಕ ಹಾಕಿದ. ಮಾನ್ವಿ ರಸ್ತೆಯಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರವೇ, ಭತ್ತದ ಮಿಲ್ಲಿನ ಸಾವ್ಕಾರ ಗಡಿಗೆಪ್ಪನವರ ದೊಡ್ಡ ಮನೆ. ಹಿಂದಿನ ಓಣಿಗೆ ಬಾಗಿಲಿರುವ ಎರಡು ಕೋಣೆ ಖಾಲಿ ಇದ್ದವು, ಮುಂದೆ ಬೇವಿನ ಮರದ ನೆರಳು. ಬೂದೆಪ್ಪನಿಗೆ ಬಾಗಿಲು ನೋಡಿಯೇ ಮನಸ್ಸು ತುಂಬಿತು. ಆದರೆ ಸಾವ್ಕಾರರು ಮಿಲ್ಲಿನ ಪೂಜೆಗೆ ಹೋಗಿದ್ದರು. ಪಕ್ಕದ ಮನೆಯವರು ಮುಖವನ್ನೂ ನೋಡದೆ ಕಿಟಕಿಯಿಂದಲೇ, "ಅಮಾಸಿ ದಿನ ಅವರು ಬಾಡಿಗಿ ಮಾತು ಆಡಂಗಿಲ್ಲ. ನಾಳಿ ಬರ್ರಿ" ಎಂದು ಕಿಟಕಿ ಮುಚ್ಚಿಕೊಂಡರು.

ನಾಳೆಯ ತನಕ ಬೇರೆಯವರು ಬಂದುಬಿಟ್ಟರೆ? ಬೂದೆಪ್ಪ ಜೀವಮಾನವಿಡೀ ಮಾಡಿಕೊಂಡು ಬಂದದ್ದನ್ನೇ ಮಾಡಿದ. ಹೆಗಲ ಮೇಲಿನ ಕೆಂಪು ಟವೆಲ್ಲು ತೆಗೆದು ಬಾಗಿಲ ಚಿಲಕಕ್ಕೆ ಬಿಗಿದ. ಗಾಳಿಗೆ ಹಾರದಿರಲೆಂದು ಚುಂಗಿನ ನಿಂಬೆಹಣ್ಣನ್ನು ಹಾಗೆಯೇ ಬಿಟ್ಟ. ಟವೆಲ್ ಬಿದ್ದ ಮೇಲೆ ಇನ್ನೊಬ್ಬರು ಕೂರುವ ಪ್ರಶ್ನೆಯೇ ಇಲ್ಲವೆಂದು ನೆಮ್ಮದಿಯಿಂದ ಊರಿಗೆ ಬಂದು ಮಂಜುಳಾಗೆ ಫೋನು ಮಾಡಿದ. "ಮನಿ ಹಿಡದೀನಿ, ನಾಳಿ ನೋಡಾಕ ಬಾ."

ಮರುದಿನ ಭಾನುವಾರ ಅವಳು ಮಾನ್ವಿಯಿಂದ ಬಂದಿಳಿದಳು. ಇಬ್ಬರೂ ಓಣಿ ತಿರುಗಿದರೆ ಅಲ್ಲಿ ಸಂತೆಯಷ್ಟು ಜನ. ಎಲ್ಲರೂ ಬಾಗಿಲಿನಿಂದ ಮಾರು ದೂರ ನಿಂತು ಟವೆಲ್ಲನ್ನೇ ನೋಡುತ್ತಿದ್ದರು. ಹಣೆ ತುಂಬ ವಿಭೂತಿ ಹಚ್ಚಿಕೊಂಡ ಗಡಿಗೆಪ್ಪನವರ ಮುಖ ವಿಭೂತಿಗಿಂತ ಬಿಳುಪಾಗಿತ್ತು.

"ಕೆಂಪು ಅರಿಬಿ, ನಿಂಬಿಹಣ್ಣು, ಅದೂ ಅಮಾಸಿ ದಿನ! ಯಾರೋ ನನ್ನ ಮನಿಗೆ ಮಾಟ ಮಾಡಿಸ್ಯಾರ!"

ಬೆಳಗ್ಗೆಯಿಂದ ಮನೆ ಕೇಳಲು ಬಂದವರೆಲ್ಲ ಬಾಗಿಲು ನೋಡಿ ಬಂದ ದಾರಿ ಹಿಡಿದಿದ್ದರಂತೆ. ಮಾಟ ತೆಗೆಯುವವನಿಗೆ ಹೇಳಿ ಕಳಿಸಿದರೆ ಅವನು ಕೇಳಿದ ದಕ್ಷಿಣೆಗೆ ಸಾವ್ಕಾರರಿಗೆ ಇನ್ನೊಂದು ಸಲ ಬೆವರು ಬಂದಿತ್ತು. ತಮ್ಮ ಮಂದಿಗೇ ಮನೆ ಕೊಡುತ್ತೇನೆಂದು ವರ್ಷಗಟ್ಟಲೆ ಖಾಲಿ ಇಟ್ಟವರು ಈಗ ಓಣಿಯ ತುಂಬ ಕೇಳುವಂತೆ, "ಯಾರರ ಬರ್ರಿ, ಯಾವ ಮಂದಿ ಆದ್ರೂ ಬರ್ರಿ, ಅರ್ಧ ಬಾಡಿಗಿ ಕೊಡ್ರಿ! ಅದನ್ನೊಂದು ಬಿಚ್ಚಿ ಒಳಗ ಹೋಗ್ರಿ!" ಎನ್ನುತ್ತಿದ್ದರು. ಭಯಕ್ಕೆ ಇಷ್ಟು ಉದಾರತೆ ಇದೆಯೆಂದು ನನಗೆ ಮೊದಲೇ ಗೊತ್ತಿದ್ದರೆ ನಾನೂ ಒಂದು ಡಜನ್ ನಿಂಬೆಹಣ್ಣು ಕೊಳ್ಳುತ್ತಿದ್ದೆ.

ಬೂದೆಪ್ಪ "ಸಾವ್ಕಾರ್ರ, ಅದು ನಂ..." ಎಂದು ಬಾಯಿ ತೆರೆದ. ಮಂಜುಳಾ ಅವನ ಕಾಲ ಮೇಲೆ ತನ್ನ ಪೂರ್ತಿ ತೂಕ ಹಾಕಿ ನಿಂತಳು.

"ನಂ ಮನಿಯವರು ಬಿಚ್ತಾರ್ರಿ" ಎಂದಳು.

ಜನ ದಾರಿ ಬಿಟ್ಟರು. ಬೂದೆಪ್ಪ ಕುಂಟುತ್ತಾ ಹೋಗಿ ಗಂಟು ಬಿಚ್ಚಿದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಆದರೆ ರಾಯಚೂರಿನ ಬಿಸಿಲು, ಅವನ ಬೆವರು, ಕೈಯಲ್ಲಿ ತನ್ನದೇ ಟವೆಲ್ಲು. ರೂಢಿಯಂತೆ ಮುಖ, ಕತ್ತು, ಕಂಕುಳು ಎಲ್ಲ ಚೆನ್ನಾಗಿ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡ. ಹೆಂಗಸೊಬ್ಬಳು "ಯವ್ವಾ!" ಎಂದು ಕಣ್ಣು ಮುಚ್ಚಿದಳು. ಗಡಿಗೆಪ್ಪನವರು ಎರಡೂ ಕೈ ಜೋಡಿಸಿದರು. "ದೊಡ್ಡ ವಿದ್ಯಾ ಕಲ್ತಾನ ಇಂವ" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಆದರೆ ಸಾವ್ಕಾರರು ಸಾವ್ಕಾರರೇ. ಬಾಗಿಲು ತೆರೆದು, ಒಳಗೆ ಏನೂ ಆಗಿಲ್ಲವೆಂದು ಖಾತ್ರಿಯಾದೊಡನೆ ಅವರ ಮುಖಕ್ಕೆ ಬಣ್ಣ ಬಂತು.

"ಮಾಟ ಹೋತಲ್ಲ, ಮನಿ ಸ್ವಚ್ಛ ಆತು. ಇನ್ನ ಬಾಡಿಗಿ ಮೊದಲಿನಷ್ಟ" ಎಂದರು.

ಬೂದೆಪ್ಪನ ಮೋರೆ ಜೋತುಬಿತ್ತು. ಮೊದಲಿನ ಬಾಡಿಗೆ ಎಂದರೆ ಅವನ ಪಗಾರಕ್ಕೆ ಆಕಾಶ. ಮಂಜುಳಾ ಕೋಣೆಯ ನಡುವೆ ನಿಂತು ಗೋಡೆಗಳನ್ನು ನೋಡುತ್ತಿದ್ದಳು. ಅವಳು ಮನಸ್ಸಿನಲ್ಲೇ ಜಾಲಹಳ್ಳಿಗೆ ಗಂಟುಮೂಟೆ ಕಟ್ಟುತ್ತಿದ್ದಾಳೆಂದು ಅವನಿಗೆ ಅನ್ನಿಸಿತಂತೆ.

ಆಗ ಸಾವ್ಕಾರರ ಹೆಂಡತಿ ಚನ್ನಮಲ್ಲಮ್ಮನವರು ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬಂದರು. ಮೊದಲು ಮಂಜುಳಾಳನ್ನು ನೋಡಿದರು.

"ನೀ ಏನ ಮಾಡ್ತೀಯವ್ವಾ?"

"ಮಾನ್ವಿ ಆಸ್ಪತ್ರ್ಯಾಗ ನರ್ಸ್ ಅದೀನ್ರಿ."

"ಸಕ್ರಿ ಬ್ಯಾನಿಗೆ ಸೂಜಿ ಹಾಕಾಕ ಬರ್ತದೇನು?"

"ದಿನಾ ಅದ ಕೆಲಸರೀ."

ಚನ್ನಮಲ್ಲಮ್ಮನವರು ತಲೆಯಾಡಿಸಿ ಬೂದೆಪ್ಪನ ಹತ್ತಿರ ಬಂದರು. ಹೆಗಲ ಮೇಲಿನ ಟವೆಲ್ಲಿಗೆ ಮೂಗು ತಂದು ಒಮ್ಮೆ ಉಸಿರೆಳೆದುಕೊಂಡರು. ಮತ್ತೆ ಅವನಿಗೊಬ್ಬನಿಗೇ ಕೇಳುವಂತೆ, "ಮಾಟದ ಅರಿಬಿಗೆ ಮಿರ್ಚಿ ಎಣ್ಣಿ ವಾಸನಿ ಎಲ್ಲಿಂದ ಬಂತೋ ತಮ್ಮಾ?" ಎಂದರು.

ಎಲ್ಲ ಮುಗಿಯಿತೆಂದು ಬೂದೆಪ್ಪ ಅಂದುಕೊಳ್ಳುವಷ್ಟರಲ್ಲಿ ಅವರು ಗಂಡನ ಕಡೆ ತಿರುಗಿ ದನಿ ಏರಿಸಿದರು.

"ಅರ್ಧ ಬಾಡಿಗಿ ಅಂತ ಓಣಿ ಮಂದಿ ಮುಂದ ಬಾಯಿಲೆ ಆಡೀರಿ. ಮಾಟ ಒಂದ ದಿನಕ್ಕ ಹೋಗ್ತದೇನು? ಕೊಟ್ಟ ಮಾತು ತಪ್ಪಿದ್ರ ತಿರುಗಿ ಬರ್ತದ, ಈ ಸಲ ಮುಂದಿನ ಬಾಗಿಲಕ್ಕ ಬರ್ತದ. ಇವರಿದ್ರ ಮನಿ ಉಳಿತದ."

ಗಡಿಗೆಪ್ಪನವರು ಮುಂದಿನ ಬಾಗಿಲ ಕಡೆ ಒಮ್ಮೆ ನೋಡಿ ಒಪ್ಪಿಕೊಂಡರು. ಚನ್ನಮಲ್ಲಮ್ಮನವರಿಗೆ ಕರುಣೆಗಿಂತ ಮನೆ ಬಾಗಿಲಲ್ಲೇ ಸೂಜಿ ಸಿಕ್ಕ ಖುಷಿ ಹೆಚ್ಚಿತ್ತು, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಆಷಾಢಕ್ಕೆ ಮೊದಲೇ ಒಳ್ಳೆಯ ದಿನ ನೋಡಿ ಸಾಮಾನು ತಂದರು. ಮಂಜುಳಾ ಒಲೆ ಹೊತ್ತಿಸಿ ಹಾಲು ಉಕ್ಕಿಸಿದಳು. ನನಗೂ ಮಧ್ಯಾಹ್ನದ ಊಟವಿತ್ತು, ನಾವೆಲ್ಲ ಉಂಡು ನಮ್ಮ ನಮ್ಮ ಬಸ್ಸು ಹಿಡಿದೆವು. ನನಗೆ ಅವತ್ತು ಕಿಟಕಿ ಪಕ್ಕದ ಸೀಟು ಹೋಗಲಿ, ನಿಲ್ಲಲಿಕ್ಕೂ ಸರಿಯಾಗಿ ಜಾಗ ಸಿಗಲಿಲ್ಲ. ನಾನು ಗಬ್ಬೂರಿನ ತನಕ ಕಂಬಿ ಹಿಡಿದು ನಿಂತು ಬೂದೆಪ್ಪನಿಗೆ ಬಯ್ಯುತ್ತಾ ಹೋದೆ, ಒಳಗೊಳಗೆ ಬಹಳ ಸಂತೋಷವಾಗಿತ್ತು.

ಎಲ್ಲರೂ ಹೋದ ಮೇಲೆ ಏನಾಯಿತೆಂದು ಬೂದೆಪ್ಪ ಆಮೇಲೆ ಅಂಗಡಿಯಲ್ಲಿ ಮಿರ್ಚಿ ಬಿಡುತ್ತಾ ಹೇಳಿದ. ಸಂಜೆ ಉಳಿದ ಹಾಲಿನಲ್ಲಿ ಅವನೇ ಚಹಾಕ್ಕಿಟ್ಟನಂತೆ. ಎರಡು ಗ್ಲಾಸು ತೊಳೆದಿಟ್ಟ ಮೇಲೆ ಸಕ್ಕರೆ ಡಬ್ಬಿ ಹಿಡಿದು ಹೆಂಡತಿಯನ್ನು ಕೇಳಿದ.

"ನಿನಗ ಸಕ್ರಿ ಎಷ್ಟು ಹಾಕ್ಲಿ?"

"ನಾ ಚಾ ಕುಡಿಯಂಗಿಲ್ರಿ."

ಬೂದೆಪ್ಪ ತಿರುಗಿ ನೋಡಿದ. "ಕಲ್ಲೂರಾಗ ವಾರಾ ವಾರಾ ಕುಡಿತಿದ್ದೆಲ್ಲ?"

"ಗ್ಲಾಸು ಖಾಲಿ ಆಗೂತನಕ ಹೋಟೆಲಿನಾಂವ ಎಬ್ಬಸ್ತಿರಲಿಲ್ಲಲ್ರಿ" ಎಂದಳು ಮಂಜುಳಾ. "ಅದಕ್ಕ ಕುಡಿತಿದ್ದೆ."

ಮದುವೆಯಾಗಿ ವರ್ಷವಾದ ಮೇಲೆ ಹೆಂಡತಿಗೆ ಚಹಾ ಸೇರುವುದಿಲ್ಲವೆಂದು ತಿಳಿಯಿತಲ್ಲ ಎಂದು ಬೂದೆಪ್ಪ ನಗಲು ನೋಡಿದ, ಆಗಲಿಲ್ಲ, ಕಣ್ಣು ಒರೆಸಿಕೊಂಡ. ಅವತ್ತು ಎರಡೂ ಗ್ಲಾಸನ್ನು ಅವನೇ ಕುಡಿದನಂತೆ. ಕತ್ತಲಾಗುವ ತನಕ ಅವಳು ಅವನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳಂತೆ.